ಹೆವಿ ಮೆಟಲ್ ಕೇಳೋಕೆ ಯಾವ ಸ್ಪೀಕರ್? ಕೊಳ್ಳುವ ಮುಂಚೆ ಇದನ್ನು ಓದಿ

"ಮೆಟಲ್ ಕೇಳೋಕೆ ಯಾವ ಸ್ಪೀಕರ್ ತಗೊಳ್ಳಲಿ?" ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ಪ್ರಶ್ನೆಯ ಜೊತೆ ಎರಡು ಮೂರು ಮಾಡೆಲ್ ಹೆಸರು ಇರುತ್ತದೆ, ಬಜೆಟ್ ಇರುತ್ತದೆ. ಕೋಣೆ ಎಷ್ಟು ದೊಡ್ಡದು ಅಂತ ಮಾತ್ರ ಯಾರೂ ಬರೆಯುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೆಟಲ್‌ಗೆಂದೇ ಬೇರೆ ಸ್ಪೀಕರ್ ಅಂತ ಇಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, ಆಮೇಲೆ ಹರ್ಮನ್ ಕಂಪನಿಯಲ್ಲಿ ಫ್ಲಾಯ್ಡ್ ಟೂಲ್ ಅನ್ನುವ ತಜ್ಞರು ವರ್ಷಗಟ್ಟಲೆ ಪ್ರಯೋಗ ಮಾಡಿದರು. ಯಾವ ಸ್ಪೀಕರ್ ಅಂತ ಗೊತ್ತಾಗದ ಹಾಗೆ ಮರೆಮಾಡಿ ಕೇಳಿಸಿದಾಗ ಹೆಚ್ಚಿನ ಜನ ಒಂದೇ ಥರದ್ದನ್ನು ಮೆಚ್ಚಿದರು: ಯಾವ ಸ್ವರವನ್ನೂ ಎತ್ತದೆ, ಯಾವುದನ್ನೂ ಅಡಗಿಸದೆ ಸಮನಾಗಿ ನುಡಿಸುವ ಸ್ಪೀಕರ್. ಮೆಟಲ್‌ಗೂ ಅದೇ ಬೇಕು. ಆದರೆ ಮೆಟಲ್ ಇನ್ನೊಂದು ಷರತ್ತು ಹಾಕುತ್ತದೆ. ವಾಲ್ಯೂಮ್ ಏರಿಸಿದಾಗಲೂ, ಎಲ್ಲ ವಾದ್ಯ ಒಟ್ಟಿಗೆ ಮೊಳಗುವಾಗಲೂ ಆ ಸಮತೋಲ ಕೆಡಬಾರದು. ವೀಣೆ, ಕೊಳಲಿಗೆ ಚೆನ್ನಾಗಿರುವ ಎಷ್ಟೋ ಚಿಕ್ಕ ಸ್ಪೀಕರ್‌ಗಳು ಸೋಲುವುದು ಇಲ್ಲೇ.

1. ಮೆಟಲ್ ಸದ್ದಿನಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಸದ್ದು ದಪ್ಪವೋ ಕೀರಲೋ ಅನ್ನುವುದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ ಅದು. ಅಂಕಿ ಕಡಿಮೆಯಾದಷ್ಟೂ ಸದ್ದು ದಪ್ಪ.

ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ 82 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಬ್ಲ್ಯಾಕ್ ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಕಾರ್ಖಾನೆ ಅಪಘಾತದಲ್ಲಿ ಎರಡು ಬೆರಳಿನ ತುದಿ ಕಳೆದುಕೊಂಡಿದ್ದರು. ತಂತಿ ಸಡಿಲ ಇದ್ದರೆ ಒತ್ತುವುದು ಸುಲಭ. 1971ರ ಹೊತ್ತಿಗೆ ಅವರ ಗಿಟಾರ್ 69 ಹರ್ಟ್ಜ್‌ವರೆಗೆ ಇಳಿದಿತ್ತು. ಅಲ್ಲಿಂದ ಮೆಟಲ್ ಇಳಿಯುತ್ತಲೇ ಬಂದಿದೆ. 7 ತಂತಿಯ ಗಿಟಾರ್ ಸುಮಾರು 62ಕ್ಕೆ ಹೋಗುತ್ತದೆ, 8 ತಂತಿಯದ್ದು 46ಕ್ಕೆ. 4 ತಂತಿಯ ಬಾಸ್ ಗಿಟಾರ್ 41, 5 ತಂತಿಯದ್ದು 31. ಕಿಕ್ ಡ್ರಮ್, ಅಂದರೆ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಗುದ್ದು, ಹೆಚ್ಚಾಗಿ 50ರಿಂದ 80ರ ನಡುವೆ ಬರುತ್ತದೆ. ಅಂದರೆ ಗಿಟಾರ್, ಬಾಸ್, ಕಿಕ್ ಮೂರೂ ಒಂದೇ ಇಕ್ಕಟ್ಟಿನ ಜಾಗದಲ್ಲಿ ನೂಕಾಡುತ್ತಿರುತ್ತವೆ. ಸ್ಪೀಕರ್ ಅವನ್ನು ಬಿಡಿಸಿ ಕೇಳಿಸಬೇಕು.

ಇದು ಕೆಳಗಿನ ಕಥೆ. ಮೇಲೆ 2,000ರಿಂದ 5,000 ಹರ್ಟ್ಜ್ ನಡುವೆಯೂ ಅಷ್ಟೇ ನೂಕುನುಗ್ಗಲು. ಗಿಟಾರಿನ ಕಚ್ಚುವ ಗುಣ ಅಲ್ಲಿದೆ. ಕಿಕ್ ಡ್ರಮ್ಮಿನ "ಟಕ್" ಅನ್ನುವ ಏಟೂ ಅಲ್ಲೇ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಅಲ್ಲೇ. ಆ ಭಾಗವನ್ನು ಸ್ವಲ್ಪ ಎತ್ತಿ ನುಡಿಸುವ ಸ್ಪೀಕರ್ ಅಂಗಡಿಯಲ್ಲಿ ಚುರುಕಾಗಿ ಕೇಳಿಸುತ್ತದೆ, ಮನೆಯಲ್ಲಿ ಮೂರನೇ ಹಾಡಿಗೆ ತಲೆ ಹಿಡಿಯುತ್ತದೆ.

ವೇಗದ ವಿಷಯವೂ ಇದೆ. ನಿಮಿಷಕ್ಕೆ 200 ತಾಳದ ಲಯದಲ್ಲಿ ಡ್ರಮ್ಮರ್ ಎರಡೂ ಕಾಲಲ್ಲಿ ತಾಳಕ್ಕೆ ನಾಲ್ಕು ಏಟಿನ ಹಾಗೆ ಒಂದೇ ಸಮ ಬಾರಿಸಿದರೆ ಸೆಕೆಂಡಿಗೆ 13ಕ್ಕೂ ಜಾಸ್ತಿ ಏಟು. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ 75 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಮೊದಲ ಏಟಿನ ಗುಂಯ್‌ಗುಡುವಿಕೆ ನಿಂತಿರಬೇಕು. ಇಲ್ಲದಿದ್ದರೆ ಎಲ್ಲವೂ ಕಲಸಿ ಬರೀ "ಗೊರ್ರ್" ಅಂತ ಕೇಳಿಸುತ್ತದೆ.

ಇನ್ನೊಂದು ಸಂಗತಿಯನ್ನು ತುಂಬಾ ಜನ ಗಮನಿಸಿರುವುದಿಲ್ಲ. ಮೆಟಲ್ ರೆಕಾರ್ಡಿಂಗ್‌ನಲ್ಲಿ ಒಂದೇ ರಿಫ್ಫನ್ನು (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕನ್ನು) ಎರಡು ಸಲ ಬೇರೆ ಬೇರೆಯಾಗಿ ನುಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕುವುದು ರೂಢಿ. ಆ ದೊಡ್ಡ ಗೋಡೆಯಂಥ ಸದ್ದು ಹುಟ್ಟುವುದು ಹೀಗೆ. ಹಾಗಾಗಿ ಒಂದೇ ಡಬ್ಬಿಯ ಬ್ಲೂಟೂತ್ ಸ್ಪೀಕರ್ ಬೇಡ. ಟಿವಿ ಕೆಳಗಿಡುವ ಸೌಂಡ್‌ಬಾರ್ ಕೂಡ ಬೇಡ. ಎಡ-ಬಲ ದೂರ ಇಡಬಹುದಾದ ಎರಡು ಸ್ಪೀಕರ್ ಬೇಕೇ ಬೇಕು.

2. ಕೋಣೆಯನ್ನು ಟೇಪ್ ಹಿಡಿದು ಅಳೆಯಿರಿ

ಉದ್ದ, ಅಗಲ, ಎತ್ತರ ಮೂರನ್ನೂ ಬರೆದುಕೊಳ್ಳಿ. ನಮ್ಮ ಕಡೆಯ ಫ್ಲಾಟುಗಳಲ್ಲಿ ಎಲ್ಲೆಲ್ಲೂ ಸಿಗುವ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಎದುರುಬದುರು ಗೋಡೆಗಳ ನಡುವೆ ಕೆಲವು ದಪ್ಪ ಸ್ವರಗಳು ಸಿಕ್ಕಿಕೊಂಡು ಅನುರಣಿಸುತ್ತವೆ. ಇದಕ್ಕೆ ರೂಮ್ ಮೋಡ್ ಅನ್ನುತ್ತಾರೆ. ಲೆಕ್ಕ ಸುಲಭ: 343ನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿ, ದೂರ ಮೀಟರಿನಲ್ಲಿರಲಿ. 12 ಅಡಿ ಅಂದರೆ 3.66 ಮೀಟರ್, ಉತ್ತರ ಸುಮಾರು 47 ಹರ್ಟ್ಜ್. 10 ಅಡಿಗೆ 56 ಹರ್ಟ್ಜ್. ಈ ಕೋಣೆಯಲ್ಲಿ ಅಗಲವೂ ಎತ್ತರವೂ 10 ಅಡಿ, ಹಾಗಾಗಿ 56 ಹರ್ಟ್ಜ್ ಎರಡು ಪಟ್ಟು ಕಾಟ ಕೊಡುತ್ತದೆ. ಕಿಕ್ ಡ್ರಮ್ಮಿನ ಗುದ್ದು ಇರುವುದು ಅಲ್ಲೇ ಅಲ್ವಾ?

ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಬಾಸನ್ನು, ಅಂದರೆ ದಪ್ಪ ಸದ್ದನ್ನು, ಹೊರಗೆ ಸುಲಭವಾಗಿ ಬಿಡುವುದಿಲ್ಲ, ಹೀರುವುದೂ ಇಲ್ಲ. ಅಮೆರಿಕದ ಮರದ ಚೌಕಟ್ಟಿನ ತೆಳು ಗೋಡೆಗಳ ಮನೆಯಲ್ಲಿ ಕೂತು ಬರೆದ ವಿಮರ್ಶೆಯನ್ನು ಓದಿ ನೆಲದ ಮೇಲೆ ನಿಲ್ಲುವ ದೊಡ್ಡ ಟವರ್ ಸ್ಪೀಕರ್ ತಂದು ಚಿಕ್ಕ ಕೋಣೆಯಲ್ಲಿಟ್ಟರೆ ಬಾಸ್ ಉಕ್ಕಿ ಹರಿಯುವುದು ಇದರಿಂದಲೇ.

ಕೋಣೆ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. "ಟ್ರಿಂಗ್" ಅಂತ ಲೋಹದ ಬಾಲ ಕೇಳಿಸಿದರೆ ಟೈಲ್ಸ್ ನೆಲ, ಖಾಲಿ ಗೋಡೆ, ಗಾಜಿನ ಕಿಟಕಿ ಸೇರಿ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಸದ್ದನ್ನು ಹರಿತ ಮಾಡುತ್ತವೆ ಅಂತ ಅರ್ಥ. ಇದನ್ನು ಸರಿ ಮಾಡದೆ ಸ್ಪೀಕರ್ ಬದಲಾಯಿಸುತ್ತಾ ಹೋದರೆ ದುಡ್ಡು ದಂಡ.

3. ಯಾವ ಜಾತಿಯ ಸ್ಪೀಕರ್ ಅಂತ ನಿರ್ಧರಿಸಿ

120-150 ಚದರಡಿಯ ಕೋಣೆಗೆ ಆರೂವರೆ ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ನನ್ನ ಮೊದಲ ಆಯ್ಕೆ. ವೂಫರ್ ಅಂದರೆ ದಪ್ಪ ಸದ್ದು ಕೊಡುವ ದೊಡ್ಡ ಕೋನ್, ಟ್ವೀಟರ್ ಅಂದರೆ ಮೇಲಿನ ಸದ್ದಿನ ಚಿಕ್ಕದು. ಹೆಸರಲ್ಲಿ ಬುಕ್‌ಶೆಲ್ಫ್ ಅಂತಿದ್ದರೂ ಪುಸ್ತಕದ ಕಪಾಟಿನಲ್ಲಿ ತುರುಕಬೇಡಿ, ಸ್ಟ್ಯಾಂಡ್ ಮೇಲಿಡಿ. ನಾಲ್ಕು ಇಂಚಿನ ವೂಫರ್‌ನದ್ದು ಮೆಟಲ್‌ಗೆ ಸಾಲದು. ಬಾಸ್‌ಗಾಗಿ ಕೋನ್ ತುಂಬಾ ಹಿಂದೆ-ಮುಂದೆ ಓಡಾಡಬೇಕಾಗುತ್ತದೆ. ಅದೇ ಕೋನ್ ಗಿಟಾರನ್ನೂ ಹೊತ್ತಿರುವುದರಿಂದ ಕಿಕ್ ಏಟು ಬಿದ್ದಾಗೆಲ್ಲ ಗಿಟಾರ್ ಸದ್ದು ಒರಟಾಗುತ್ತದೆ.

ದೊಡ್ಡ ಹಾಲ್ ಇದ್ದರೆ ಟವರ್ ನೋಡಿ, ಅದರಲ್ಲೂ ತ್ರೀ-ವೇ. ಬಾಸ್, ನಡುವಿನ ಸದ್ದು, ಮೇಲಿನ ಸದ್ದು ಮೂರಕ್ಕೂ ಬೇರೆ ಬೇರೆ ಡ್ರೈವರ್ (ಸದ್ದು ಹೊರಡಿಸುವ ಕೋನ್) ಇರುವುದು ಅಂತ. ಮೇಜಿನ ಮೇಲಿಟ್ಟು ಕಂಪ್ಯೂಟರ್ ಮುಂದೆ ಕೂತು ಕೇಳುವವರಾದರೆ ಯಮಾಹಾ ಎಚ್‌ಎಸ್ ಸರಣಿ ಅಥವಾ ಜೆಬಿಎಲ್ 3 ಸರಣಿಯಂಥ ಸ್ಟುಡಿಯೋ ಮಾನಿಟರ್ ಸಾಕು. ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫೈಯರ್ (ಆಂಪ್) ಒಳಗೇ ಇರುತ್ತದೆ.

ಡಬ್ಬಿಯಲ್ಲಿ ತೂತು ಇದ್ದರೆ ಅದು ಪೋರ್ಟೆಡ್, ಇಲ್ಲದಿದ್ದರೆ ಸೀಲ್ಡ್. ಪೋರ್ಟ್ ಇರುವುದು ಅದೇ ಗಾತ್ರದಲ್ಲಿ ಜಾಸ್ತಿ ಬಾಸ್ ಕೊಡುತ್ತದೆ. ಚೆನ್ನಾಗಿ ಮಾಡಿದ್ದರೆ ತೊಂದರೆ ಇಲ್ಲ. ಅಗ್ಗದ ಡಬ್ಬಿಗಳಲ್ಲಿ ಮಾತ್ರ ಯಾವ ಸ್ವರ ಬಂದರೂ ಒಂದೇ "ಗುಂ" ಕೇಳಿಸುತ್ತದೆ.

ಬ್ರ್ಯಾಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಹಳೆ ಬಾಯಿಯ ಹಾರ್ನ್ ಟ್ವೀಟರ್‌ಗೆ ಹೆಸರಾದ ಕ್ಲಿಪ್ಶ್ ಕಡಿಮೆ ಪವರ್‌ನಲ್ಲೇ ಜೋರಾಗಿ ನುಡಿಯುತ್ತದೆ, ಆದರೆ ಖಾಲಿ ಗೋಡೆಯ ಕೋಣೆಯಲ್ಲಿ ಚುಚ್ಚಬಹುದು. ಕೋಲ್ಕತ್ತಾದ ಸೋನೋಡೈನ್, ಪುಣೆಯ ಕೇಡೆನ್ಸ್ ನಮ್ಮ ದೇಶದವೇ. ಅವನ್ನೂ ಕೇಳಿ ನೋಡಿ.

ಒಟ್ಟು ಬಜೆಟ್ಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಪೀಕರ್‌ಗೆ ಇಡಿ. ಉಳಿದದ್ದು ಆಂಪ್‌ಗೆ, ಸ್ಟ್ಯಾಂಡ್‌ಗೆ, ಕಿಟಕಿ ಪರದೆಗೆ. ದುಬಾರಿ ಕೇಬಲ್‌ಗೆ ಏನೂ ಬೇಡ. ಮಾಮೂಲಿ ದಪ್ಪ ತಾಮ್ರದ ತಂತಿ ಸಾಕು.

4. ಸ್ಪೆಕ್ ಶೀಟ್‌ನಲ್ಲಿ ನಾಲ್ಕು ಸಾಲು ಓದಿ

*ಸೆನ್ಸಿಟಿವಿಟಿ.* ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಅನ್ನುವ ಅಂಕಿ. 3 ಡೆಸಿಬಲ್ ಜಾಸ್ತಿ ಬೇಕಂದರೆ ಪವರ್ ಎರಡರಷ್ಟು ಬೇಕು. 10 ಡೆಸಿಬಲ್‌ಗೆ ಹತ್ತು ಪಟ್ಟು. ಸೆನ್ಸಿಟಿವಿಟಿ 86 ಇರುವ ಸ್ಪೀಕರ್ ಜೋಡಿಯಿಂದ ಮೂರು ಮೀಟರ್ ದೂರದಲ್ಲಿ ಸರಾಸರಿ 85 ಡೆಸಿಬಲ್ ಕೇಳಬೇಕು, ಏಟುಗಳಿಗೆ ಅದರ ಮೇಲೆ 12 ಡೆಸಿಬಲ್ ಜಾಗ ಇರಬೇಕು ಅಂದುಕೊಳ್ಳಿ. ಪ್ರತಿ ಸ್ಪೀಕರ್‌ಗೆ ಸುಮಾರು 25 ವಾಟ್ ಬೇಕು. ಇನ್ನೊಂದು 5 ಡೆಸಿಬಲ್ ಏರಿಸಿದರೆ ಅದು 80 ವಾಟ್ ಆಗುತ್ತದೆ. 90ರ ಸ್ಪೀಕರ್ ಆದರೆ ಇವೇ ಅಂಕಿಗಳು 10 ಮತ್ತು 32.

*ಇಂಪೀಡೆನ್ಸ್.* ಸ್ಪೀಕರ್ ಆಂಪ್‌ಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ. 8 ಅಥವಾ 6 ಇದ್ದರೆ ಚಿಂತೆ ಇಲ್ಲ. 4 ಓಮ್ ಅಂತಿದ್ದರೆ ನಿಮ್ಮ ಆಂಪ್ 4 ಓಮ್ ತಾಳುತ್ತದೆಯೇ ಅಂತ ಅದರ ಹಿಂಭಾಗದಲ್ಲಿ ಓದಿ.

*ವಾಟ್.* ಆರ್‌ಎಂಎಸ್ ಅಂತ ಬರೆದಿರುವ ಅಂಕಿ, ಅಂದರೆ ಬಿಡದೆ ಕೊಡಬಲ್ಲ ಪವರ್, ಮಾತ್ರ ಲೆಕ್ಕಕ್ಕೆ. ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿದ್ದರೆ ಅದಕ್ಕೆ ಅರ್ಥವೇ ಇಲ್ಲ, ಆ ಸೆಟ್ ಬಿಟ್ಟು ಮುಂದೆ ಹೋಗಿ. ಮೆಟಲ್‌ನಲ್ಲಿ ಮೌನದ ಜಾಗ ಕಡಿಮೆ, ಹಾಡಿನುದ್ದಕ್ಕೂ ಆಂಪ್‌ಗೆ ಬಿಡುವಿಲ್ಲದ ಕೆಲಸ. ಚಿಕ್ಕ ಆಂಪನ್ನು ಅತಿಯಾಗಿ ಹಿಂಡಿದರೆ ಸದ್ದಿನ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಇದೇ ಕ್ಲಿಪಿಂಗ್. ಮೊದಲು ಸುಡುವುದು ಟ್ವೀಟರ್. ಗಿಟಾರಿನ ಡಿಸ್ಟಾರ್ಶನ್ (ಬೇಕೆಂದೇ ಒಡೆಸಿದ ಸದ್ದು) ಜೊತೆ ಬೆರೆತು ಕ್ಲಿಪಿಂಗ್ ಬೇಗ ಗೊತ್ತಾಗುವುದಿಲ್ಲ, ಅದಕ್ಕೇ ಮೆಟಲ್ ಕೇಳುವವರು ಇದರಲ್ಲಿ ಜಾಸ್ತಿ ಎಚ್ಚರ ಇರಬೇಕು. ಹಾಡುಗಾರನ ದನಿಯೂ ಸಿಂಬಲ್ಲೂ ಒಟ್ಟಿಗೇ ಒಡೆದ ಹಾಗೆ ಕೇಳಿಸಿದರೆ ತಕ್ಷಣ ವಾಲ್ಯೂಮ್ ಇಳಿಸಿ.

*ಕೆಳಗಿನ ಮಿತಿ.* 45 ಹರ್ಟ್ಜ್‌ವರೆಗೆ ಅಂತಿದ್ದರೆ ಪಕ್ಕದಲ್ಲಿ "ಮೈನಸ್ 3 ಡೆಸಿಬಲ್" ಅಂತಿದೆಯೋ "ಮೈನಸ್ 10" ಅಂತಿದೆಯೋ ನೋಡಿ. ಮೈನಸ್ 10 ಆದರೆ ಆ ಸ್ವರ ಬರುತ್ತದೆ, ಆದರೆ ಕಿವಿಗೆ ಅರ್ಧದಷ್ಟೇ ಜೋರು.

5. ಅಂಗಡಿಯಲ್ಲಿ ಕೂತು ಕೇಳಿ

ಇದಕ್ಕೆ ಕಮ್ಮಿ ಅಂದರೂ ಒಂದು ಗಂಟೆ ಇಟ್ಟುಕೊಳ್ಳಿ. ಅಂಗಡಿಯವರು ಹಾಕುವ ಹಾಡು ಬೇಡ. ನಿಮಗೆ ಬಾಯಿಪಾಠ ಆಗಿರುವ ಹಾಡುಗಳನ್ನು ಒಳ್ಳೆ ಕ್ವಾಲಿಟಿಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಆಂಪ್‌ನ ಬಾಸ್ ಬೂಸ್ಟ್, ಲೌಡ್‌ನೆಸ್, ಟ್ರೆಬಲ್ (ಮೇಲಿನ ಸದ್ದು) ಎಲ್ಲವನ್ನೂ ಆಫ್ ಮಾಡಿಸಿ, ನಾಚಿಕೆ ಬೇಡ. ಎರಡು ಸ್ಪೀಕರ್ ಹೋಲಿಸುವಾಗ ಫೋನಿನ ಡೆಸಿಬಲ್ ಆಪ್ ಹಿಡಿದು ಎರಡರ ಸದ್ದನ್ನೂ ಸಮ ಮಾಡಿ. ಒಂಚೂರು ಜೋರಾಗಿರುವುದೇ ನಮಗೆ ಚೆನ್ನಾಗಿದೆ ಅನ್ನಿಸುತ್ತದೆ.

ಮೊದಲು ವೇಗದ ಡಬಲ್ ಕಿಕ್ ಇರುವ ಭಾಗ ಹಾಕಿ. ಕಣ್ಣು ಮುಚ್ಚಿ ಏಟು ಎಣಿಸುವ ಹಾಗೆ ಕೇಳಿ. ಒಂದೊಂದು ಏಟಿಗೂ "ಟಕ್" ಅನ್ನುವ ಮೊನೆ, ಅದರ ಹಿಂದೆ ಗುದ್ದು, ಆಮೇಲೆ ಚಿಕ್ಕ ಖಾಲಿ ಜಾಗ ಸಿಗಬೇಕು.

ಆಮೇಲೆ ಅಂಗೈ ಒತ್ತಿ ನುಡಿಸುವ "ಜಗ್ ಜಗ್" ರಿಫ್. ಗಿಟಾರ್ ನಿಂತ ಕ್ಷಣಕ್ಕೇ ಸದ್ದೂ ನಿಲ್ಲಬೇಕು. ಬಾಸ್ ಬಾಲ ಎಳೆದುಕೊಂಡು ಬಂದರೆ ಕೋಣೆಯ ದೋಷವೋ ಸ್ಪೀಕರಿನದೋ ತಿಳಿಯಲು ನಿಮ್ಮ ಕುರ್ಚಿಯನ್ನು ಎರಡು ಅಡಿ ಸರಿಸಿ. ಬಾಲ ಮಾಯವಾದರೆ ಕೋಣೆಯದ್ದು.

ಮೂರನೆಯದಕ್ಕೆ ಐರನ್ ಮೇಡನ್ ತಂಡದ ಹಾಡು ಬಹಳ ಉಪಯೋಗ. ಆ ತಂಡದ ಬಾಸ್ ವಾದಕ ಸ್ಟೀವ್ ಹ್ಯಾರಿಸ್ ಬೆರಳಲ್ಲಿ ಮೀಟುವಾಗ ಬಾಸ್ ತಂತಿ ಲೋಹಕ್ಕೆ ತಾಗಿ ಖಣಖಣ ಅನ್ನುತ್ತದೆ. ಆ ಸದ್ದು ಇರುವುದು ನಡುವಿನ ಭಾಗದಲ್ಲಿ. ಬಾಸ್, ಟ್ರೆಬಲ್ ಎರಡನ್ನೂ ಎತ್ತಿ ನಡುವನ್ನು ತಗ್ಗಿಸಿದ ಸ್ಪೀಕರ್‌ನಲ್ಲಿ ಈ ಖಣಖಣ ಕಾಣೆಯಾಗುತ್ತದೆ. ಅಂಥ ಸ್ಪೀಕರ್ "ಪಾರ್ಟಿ ಸೌಂಡ್" ಕೊಡುತ್ತದೆ, ಆದರೆ ಗಿಟಾರ್ ಬದುಕಿರುವುದೇ ನಡುವಿನ ಭಾಗದಲ್ಲಿ. ತಗೊಳ್ಳಬೇಡಿ.

ನಾಲ್ಕನೆಯದು ಸಿಂಬಲ್. ಹೈ-ಹ್ಯಾಟ್, ರೈಡ್, ಕ್ರ್ಯಾಶ್ ಅನ್ನುವ ಮೂರು ಬಗೆಯ ಸಿಂಬಲ್ ಬೇರೆ ಬೇರೆ ಅಂತ ಗೊತ್ತಾಗಬೇಕು. ಎಲ್ಲವೂ ಕುಕ್ಕರ್ ಆವಿ ಬಿಟ್ಟ ಹಾಗೆ "ಸ್ಸ್" ಅಂತ ಒಂದೇ ಆದರೆ ಆ ಟ್ವೀಟರ್ ಬೇಡ. ಕೊನೆಗೆ ಗಂಟಲು ಒಡೆದು ಹಾಡುವ ದನಿ. ನಮ್ಮ ಬೆಂಗಳೂರಿನ ಕ್ರಿಪ್ಟೋಸ್ 1998ರಿಂದ ಇರುವ ತಂಡ, ಎರಡು ಗಿಟಾರ್ ಜೊತೆಗೆ ಇಂಥ ಒರಟು ದನಿ. ದನಿ ಗಿಟಾರುಗಳ ಮುಂದೆ ನಿಲ್ಲುತ್ತದೋ ಅದರೊಳಗೆ ಮುಳುಗುತ್ತದೋ ನೋಡಿ.

ಎರಡು ಎಚ್ಚರಿಕೆ. ಮೆಟಾಲಿಕಾದ 1988ರ ಆಲ್ಬಮ್ ಹಾಕಿ ಬಾಸ್ ಪರೀಕ್ಷೆ ಮಾಡಬೇಡಿ. ಅದರಲ್ಲಿ ಬಾಸ್ ಗಿಟಾರ್ ಕೇಳಿಸದಷ್ಟು ಸಣ್ಣಗೆ ಮಿಕ್ಸ್ ಆಗಿದೆ, ಯಾವ ಸ್ಪೀಕರಿನಲ್ಲೂ ಬರುವುದಿಲ್ಲ. ಅದೇ ತಂಡದ 2008ರ ಆಲ್ಬಮ್‌ನಲ್ಲಿ ಸದ್ದನ್ನು ಎಷ್ಟು ಒತ್ತಿ ತುಂಬಿದ್ದಾರೆ ಅಂದರೆ ರೆಕಾರ್ಡಿಂಗೇ ಒಡೆದಿದೆ. ಮರು ಮಿಕ್ಸ್ ಮಾಡಿ ಅಂತ ಅಭಿಮಾನಿಗಳು ಮನವಿಯನ್ನೇ ಸಲ್ಲಿಸಿದ್ದರು. ಅದನ್ನು ಕೇಳಿ ಸ್ಪೀಕರ್ ಕರ್ಕಶ ಅನ್ನುವುದು ಅನ್ಯಾಯ. ಒಂದು ಹಳೇ ರೆಕಾರ್ಡಿಂಗ್, ಒಂದು ಹೊಸದು, ಎರಡೂ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ನಿಮ್ಮ ಮಾಮೂಲಿ ವಾಲ್ಯೂಮ್‌ಗಿಂತ ತುಸು ಜೋರಿಟ್ಟು ಅರ್ಧ ಗಂಟೆ ಸುಮ್ನೆ ಕೇಳಿ. ಕೈ ತಾನಾಗಿ ವಾಲ್ಯೂಮ್ ಇಳಿಸಲು ಹೋದರೆ ಅದು ನಿಮ್ಮ ಸ್ಪೀಕರ್ ಅಲ್ಲ.

6. ಮನೆಯಲ್ಲಿ ಸರಿಯಾಗಿ ಇಡಿ

ಎರಡು ಸ್ಪೀಕರ್ ಮತ್ತು ನೀವು ಕೂರುವ ಜಾಗ ಸೇರಿ ಸಮಬಾಹು ತ್ರಿಕೋನ ಆಗಲಿ. ಟ್ವೀಟರ್ ನಿಮ್ಮ ಕಿವಿಯ ಎತ್ತರಕ್ಕಿರಲಿ. ಎಡದ ಗಿಟಾರ್ ಎಡಕ್ಕೆ, ಬಲದ್ದು ಬಲಕ್ಕೆ, ಕಿಕ್ ಡ್ರಮ್ ಸರಿಯಾಗಿ ನಡುವೆ ಕೇಳಿಸುವ ತನಕ ಸ್ಪೀಕರನ್ನು ಸ್ವಲ್ಪ ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ಕಿಕ್ ಎಲ್ಲೋ ಚದುರಿದ ಹಾಗಿದ್ದು ಬಾಸ್ ತೆಳ್ಳಗಿದ್ದರೆ ಒಂದು ಸ್ಪೀಕರ್‌ನ ಕೆಂಪು-ಕಪ್ಪು ತಂತಿ ಅದಲು ಬದಲಾಗಿದೆ.

ಕೋಣೆಯ ನಟ್ಟನಡುವೆ ಕೂರಬೇಡಿ. 12 ಅಡಿ ಉದ್ದದ ಕೋಣೆಯ ಮಧ್ಯದಲ್ಲಿ ಆಗ ಲೆಕ್ಕ ಹಾಕಿದ 47 ಹರ್ಟ್ಜ್ ಪೂರ್ತಿ ಸತ್ತುಹೋಗುತ್ತದೆ. ಹಿಂದಿನ ಗೋಡೆಗೆ ಒರಗಿಯೂ ಕೂರಬೇಡಿ, ಅಲ್ಲಿ ಬಾಸ್ ಉಬ್ಬುತ್ತದೆ. ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿ ಮುಂದೆ ಕೂತು ಶುರು ಮಾಡಿ, ಅಲ್ಲಿಂದ ಹಿಂದೆ-ಮುಂದೆ ಸರಿಯಿರಿ.

ಸ್ಪೀಕರಿನ ಮುಂಭಾಗ ಅದರ ಬೆನ್ನ ಹಿಂದಿನ ಗೋಡೆಯಿಂದ ಸರಿಯಾಗಿ ಒಂದು ಮೀಟರ್ ಇದ್ದರೆ 86 ಹರ್ಟ್ಜ್ ಸುತ್ತ ಸದ್ದು ಕುಸಿಯುತ್ತದೆ. ಗೋಡೆಗೆ ಬಡಿದು ವಾಪಸು ಬರುವ ಅಲೆ ಅದನ್ನು ರದ್ದು ಮಾಡುತ್ತದೆ. ಗಿಟಾರಿನ ದಪ್ಪ ತಂತಿ ಇರುವುದು ಅಲ್ಲೇ. ಅಂಥ ಕಡೆ ಒಂದು ಗೇಣು ಹಿಂದೆ ಸರಿಸಿದರೆ ರಿಫ್‌ಗೆ ಮತ್ತೆ ತೂಕ ಬರುವುದನ್ನು ನೀವೇ ಕೇಳಬಹುದು.

ಇನ್ನು ಗಲಗಲ ಅನ್ನುವ ಸಾಮಾನು. ಬಾಸ್ ಜೋರಾದಾಗ ಕಬ್ಬಿಣದ ಬೀರುವಿನ ಬಾಗಿಲ ಮೇಲೆ ಅಂಗೈ ಇಟ್ಟು ನೋಡಿ. ಅದು ನಡುಗುತ್ತಿದ್ದರೆ ನೀವು ಕೇಳುತ್ತಿದ್ದ "ಡಿಸ್ಟಾರ್ಶನ್" ಅದರದ್ದೇ. ಬಾಗಿಲ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ. ಶೋಕೇಸ್ ಗಾಜು, ಕಿಟಕಿ ಚಿಲಕ, ಟ್ಯೂಬ್‌ಲೈಟ್ ಪಟ್ಟಿಯನ್ನೂ ಹೀಗೇ ಮುಟ್ಟಿ ಮುಟ್ಟಿ ಹುಡುಕಿ.

ನೆಲಕ್ಕೆ ದಪ್ಪ ಕಾರ್ಪೆಟ್, ಕಿಟಕಿಗೆ ಭಾರದ ಪರದೆ ಹಾಕಿದರೆ ಸಿಂಬಲ್ ಮೆದುವಾಗುತ್ತದೆ. ತೆಳು ಜಮಖಾನೆಯಿಂದ ಸ್ವಲ್ಪ ಮಾತ್ರ ಅನುಕೂಲ. ಬಾಸನ್ನು ಇವು ಯಾವುದೂ ತಡೆಯುವುದಿಲ್ಲ. ಮೊಟ್ಟೆ ಟ್ರೇ ಅಂಟಿಸುವುದಂತೂ ಪೂರ್ತಿ ವ್ಯರ್ಥ. ಗಾದಿ ಹಾಕಿದ ಮಂಚ, ದಪ್ಪ ಸೋಫಾ ಇರುವ ಕೋಣೆ ಖಾಲಿ ಕೋಣೆಗಿಂತ ಎಷ್ಟೋ ವಾಸಿ.

7. ಸಬ್‌ವೂಫರ್ ಬೇಕಾ?

ಸಬ್‌ವೂಫರ್ (ಸಬ್) ಅಂದರೆ ಅತಿ ದಪ್ಪ ಸದ್ದಿಗೆಂದೇ ಇರುವ ಬೇರೆ ಡಬ್ಬಿ. ಮೊದಲ ತಿಂಗಳು ಬೇಡ. ಸ್ಪೀಕರ್ ಜಾಗ ಸರಿಯಾದ ಮೇಲೂ ಕೆಳಗಿನ ತೂಕ ಸಾಲದು ಅನ್ನಿಸಿದರೆ 10 ಇಂಚಿನ ಸೀಲ್ಡ್ ಸಬ್ ನೋಡಿ. ಅದನ್ನು ನೀವು ಕೂರುವ ಜಾಗದಲ್ಲೇ ಇಟ್ಟು ಬಾಸ್ ಹಾಡು ಹಾಕಿ, ಗೋಡೆಯ ಪಕ್ಕ ಮಂಡಿಯೂರಿ ಓಡಾಡಿ. ಎಲ್ಲಿ ಎಲ್ಲ ಸ್ವರವೂ ಸಮವಾಗಿ ಕೇಳಿಸುತ್ತದೋ ಸಬ್ ಅಲ್ಲಿಗೆ ಹೋಗಲಿ. ಕ್ರಾಸ್‌ಓವರ್, ಅಂದರೆ ಎಷ್ಟರ ಕೆಳಗಿನ ಸದ್ದು ಸಬ್‌ಗೆ ಹೋಗಬೇಕು ಅನ್ನುವ ತಿರುಗಣೆ, 80 ಹರ್ಟ್ಜ್‌ನಲ್ಲಿ ಶುರುವಾಗಲಿ. ಸಬ್ ಎಲ್ಲಿದೆ ಅಂತ ಕಿವಿಗೆ ಗೊತ್ತಾಗುತ್ತಿದ್ದರೆ ಅದರ ವಾಲ್ಯೂಮ್ ಜಾಸ್ತಿ ಆಯಿತು.

8. ಕಿವಿ, ಪಕ್ಕದ ಮನೆ, ರಾತ್ರಿ

ಸರಾಸರಿ 85 ಡೆಸಿಬಲ್ ದಿನಕ್ಕೆ 8 ಗಂಟೆಯ ಮಿತಿ ಅಂತ ಕೆಲಸದ ಜಾಗಗಳ ಸುರಕ್ಷತಾ ಲೆಕ್ಕ ಇದೆ. ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ: 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಒಳ್ಳೆ ಸ್ಪೀಕರ್ ಒಡೆಯದೆ ನುಡಿಯುವುದರಿಂದ ಎಷ್ಟು ಜೋರಿದೆ ಅಂತ ಗೊತ್ತೇ ಆಗುವುದಿಲ್ಲ, ಆಪ್‌ನಲ್ಲಿ ಆಗಾಗ ನೋಡಿ. ಕೇಳಿದ ಮೇಲೆ ಕಿವಿಯಲ್ಲಿ "ಕೀಂ" ಅಂದರೆ ಮಿತಿ ದಾಟಿದ್ದೀರಿ.

ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರ ತನಕ 45 ಡೆಸಿಬಲ್ ಅಂತ ನಮ್ಮ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಫ್ಲಾಟಿನಲ್ಲಿ ಕೆಳಗಿನ ಮನೆಯವರಿಗೆ ತೊಂದರೆ ಕೊಡುವುದು ನೆಲದ ಮೂಲಕ ಇಳಿಯುವ ಅದುರು. ಸಬ್‌ನ ಅಡಿಗೂ ಸ್ಟ್ಯಾಂಡ್‌ನ ಅಡಿಗೂ ದಪ್ಪ ರಬ್ಬರ್ ಪ್ಯಾಡ್ ಕೊಡಿ.

ರಾತ್ರಿ ಸಣ್ಣಗೆ ಕೇಳುವಾಗ ಬಾಸ್ ಮಾಯವಾದ ಹಾಗೆ ಅನ್ನಿಸಿದರೆ ಸ್ಪೀಕರ್ ಕೆಟ್ಟಿಲ್ಲ. ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ದಪ್ಪ ಸ್ವರ ಸರಿಯಾಗಿ ಕೇಳಿಸುವುದಿಲ್ಲ. ಆಂಪ್‌ನ ಲೌಡ್‌ನೆಸ್ ಬಟನ್ ಇರುವುದು ಈ ಹೊತ್ತಿಗಾಗಿಯೇ. ಅದನ್ನು ಒತ್ತಿ ಕೇಳಿ, ಹಗಲು ವಾಲ್ಯೂಮ್ ಏರಿಸುವ ಮುಂಚೆ ಮರೆಯದೆ ಆಫ್ ಮಾಡಿ.